ದರಕಿನ ಕೆಳಗಿನ ಶುಂಠಿ

2019ರ ಆಗಸ್ಟ್. ಆಶ್ಲೇಷ ಮಳೆ ಬಿಡದೆ ಹೊಡೆಯುತ್ತಿತ್ತು. ಬೆಂಗಳೂರಿನಿಂದ ನಾಲ್ಕು ದಿನ ರಜೆ ಹಾಕಿ ಶಿರಸಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಮನೆ ಮುಟ್ಟಿದಾಗ ಅಪ್ಪಯ್ಯ ಜಗಲಿಯಲ್ಲಿ ಇರಲಿಲ್ಲ. ಗದ್ದೆಯಲ್ಲಿ ಇದ್ದರು. ಭತ್ತ ಬಿಟ್ಟು ಆ ವರ್ಷ ಅರ್ಧ ಎಕರೆಗೆ ಶುಂಠಿ ಹಾಕಿದ್ದರು. ನಾನು ಕೊಪ್ಪೆ ಹಾಕಿಕೊಂಡು ಇಳಿದು ಹೋದೆ. ಅವರು ಒಂದು ಗಿಡ ಹಿಡಿದು ಮೆಲ್ಲಗೆ ಎಳೆದರು. ಎಳೆದರು ಅನ್ನೋದೂ ಜಾಸ್ತಿಯೇ, ಮುಟ್ಟಿದರು ಅಷ್ಟೇ. ಕಾಂಡ ಬುಡದಿಂದ ಕಳಚಿಕೊಂಡು ಕೈಗೆ ಬಂತು. ಬುಡ ನೀರು ನೀರಾಗಿತ್ತು, ಬೇಯಿಸಿದ ಬಾಳೆಹಣ್ಣಿನ ಹಾಗೆ. ಅದರ ವಾಸನೆ ಗೊತ್ತಿದ್ದವರಿಗೆ ಗೊತ್ತು. ಕೊಳೆ ರೋಗ. ಪಕ್ಕದ ಗಿಡದ ಎಲೆ ತುದಿ ಹಳದಿಯಾಗಿತ್ತು. ಅದರ ಪಕ್ಕದ್ದೂ. ಮಳೆ ನೀರು ಮಡಿಗಳ ನಡುವಿನ ಕಾಲುವೆಯಲ್ಲಿ ಹರಿಯದೆ ಸುಮ್ಮನೆ ನಿಂತಿತ್ತು. ಅಪ್ಪಯ್ಯ ಏನೂ ಹೇಳಲಿಲ್ಲ. ಆ ಗಿಡವನ್ನು ಕಾಲುವೆಗೆ ಬಿಸಾಡದೆ ಕೈಯಲ್ಲೇ ಹಿಡಿದುಕೊಂಡು ಮೇಲೆ ಬಂದರು.

ಮರುದಿನ ಬೆಟ್ಟದ ಮೇಲಿಂದ ಮನೆಗೆ ನೀರು ಬರುವ ಪೈಪು ಕಟ್ಟಿಕೊಂಡಿತು. ನೋಡಿ ಬರುತ್ತೇನೆ ಅಂತ ನಾನೇ ಹೊರಟೆ. ತೋಟಕ್ಕೆ ಸೊಪ್ಪು, ಒಣಗಿದ ಎಲೆ ತರುವ ನಮ್ಮ ಸೊಪ್ಪಿನ ಬೆಟ್ಟ ಗದ್ದೆಯಿಂದ ಕೂಗಳತೆ ದೂರ. ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತಾ ಹತ್ತುತ್ತಿದ್ದೆ. ದಾರಿ ತಿರುಗುವಲ್ಲಿ ಒಂದು ಮತ್ತಿ ಮರ ಹಿಂದಿನ ವರ್ಷ ಬಿದ್ದಿತ್ತು. ಅದರ ಬದಿಯಲ್ಲಿ ಕಾಡು ಶುಂಠಿ ನಿಂತಿತ್ತು. ಒಂದಲ್ಲ, ಇಡೀ ಹಿಂಡು. ನನ್ನ ಎದೆಯೆತ್ತರ. ಒಂದೆಲೆಯೂ ಹಳದಿ ಇಲ್ಲ. ಅದೇ ಮಳೆ, ಅದೇ ಆಶ್ಲೇಷ, ಅದೇ ಮೋಡ. ಕೆಳಗೆ ಗದ್ದೆಯಲ್ಲಿ ಶುಂಠಿ ಮುಟ್ಟಿದರೆ ಕಳಚುತ್ತಿದೆ. ಇಲ್ಲಿ ಅದರ ನೆಂಟ ಮಳೆಗೆ ಮೈಯೊಡ್ಡಿ ನಿಂತಿದೆ. ಯಾಕೆ?

ಈ ಪ್ರಶ್ನೆಗೆ ಒಂದು ಸುಲಭದ ಉತ್ತರ ಇದೆ. ಕಾಡಿನ ಗಿಡ ಗಟ್ಟಿ, ಅದಕ್ಕೆ ಏನೂ ಆಗಲ್ಲ ಅಂತ. ಊರಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ನಾನೂ ಕೆಲವು ಕಾಲ ಅದನ್ನೇ ನಂಬಿದ್ದೆ. ಆಮೇಲೆ ಪ್ರತಿ ಮಳೆಗಾಲ ಆ ಜಾಗಕ್ಕೆ ಹೋಗಿ ಕೂತು ನೋಡುತ್ತಾ ನೋಡುತ್ತಾ, ಆ ಉತ್ತರ ಅರ್ಧಕ್ಕೆ ನಿಂತುಬಿಡುತ್ತದೆ ಅನ್ನಿಸತೊಡಗಿತು.

ತೆನೆಯೊಳಗಿನ ನೀರು

ಕಾಡು ಶುಂಠಿಯನ್ನು ಮಲೆನಾಡಿನವರು ನೋಡೇ ಇರುತ್ತೀರಿ. ಹೂವಿಲ್ಲದಾಗ ಗುರುತು ಸಿಗದೆ ಇರಬಹುದು, ಅಷ್ಟೇ. ಎಲೆ ಅಡುಗೆಮನೆಯ ಶುಂಠಿಯದಕ್ಕಿಂತ ಅಗಲ. ನಾವು ಕಾಂಡ ಅನ್ನೋದು ನಿಜವಾದ ಕಾಂಡ ಅಲ್ಲ, ಬಾಳೆಯ ಹಾಗೆ ಎಲೆಯ ಬುಡಗಳೇ ಒಂದರೊಳಗೊಂದು ಸುತ್ತಿಕೊಂಡಿರುವುದು. ನಿಜವಾದ ಕಾಂಡ ಮಣ್ಣಿನಲ್ಲಿ ಅಡ್ಡ ಮಲಗಿರುವ ಗಡ್ಡೆ. ಹೂವಿನ ದಂಟು ಎಲೆಗಳ ತುದಿಯಲ್ಲಿ ಬರುವುದಿಲ್ಲ. ಗಡ್ಡೆಯಿಂದಲೇ, ಬೇರೆಯಾಗಿ, ನೆಲ ಸೀಳಿಕೊಂಡು ಏಳುತ್ತದೆ. ಅದರ ತುದಿಯಲ್ಲಿ ಒಂದು ಹಸಿರು ತೆನೆ. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಪದರ. ಒಂದೊಂದು ಪದರವೂ ಪುಟ್ಟ ಬಟ್ಟಲು. ಆ ಬಟ್ಟಲಿನಿಂದ ಒಂದೋ ಎರಡೋ ತೆಳು ಹಳದಿ ಹೂವು ಇಣುಕುತ್ತದೆ. ಹೂವಿನ ಆಯುಷ್ಯ ಒಂದು ದಿನವೂ ಇಲ್ಲ. ಇವತ್ತು ಅರಳಿದ್ದು ನಾಳೆ ಬಾಡಿ ಅಂಟಿಕೊಂಡಿರುತ್ತದೆ. ಹೂವೆಲ್ಲ ಮುಗಿದ ಮೇಲೆ ತೆನೆ ನಿಧಾನಕ್ಕೆ ಕೆಂಪಾಗುತ್ತದೆ. ದಾರಿಯಲ್ಲಿ ಹೋಗುವವರು ಹೂವು ಅಂತ ತೋರಿಸುವುದು ಈ ಕೆಂಪು ತೆನೆಯನ್ನೇ.

ನಾನು ಏಳೋ ಎಂಟೋ ವರ್ಷದವಳಿದ್ದಾಗ ಅಮ್ಮಮ್ಮನ ಜೊತೆ ಬೆಟ್ಟಕ್ಕೆ ಹೋಗಿದ್ದೆ. ಅವಳು ಕಳಲೆ ಹುಡುಕುತ್ತಿದ್ದಳು. ನಾನು ಕೆಂಪು ತೆನೆ ಕಂಡು ಕೀಳಲು ಓಡಿದೆ. "ಕೂಸೇ, ಕೀಳಡ. ಹಿಂಡಿ ನೋಡು" ಅಂದಳು. ಅವಳೇ ತೆನೆಯನ್ನು ದಂಟಿನಲ್ಲೇ ಬಿಟ್ಟು, ಬಗ್ಗಿಸಿ, ನನ್ನ ಅಂಗೈ ಮೇಲೆ ಹಿಂಡಿದಳು. ಲೋಳೆ ಲೋಳೆಯಾದ ನೀರು ಇಳಿಯಿತು. ತಣ್ಣಗೆ. ಅದಕ್ಕೆ ಶುಂಠಿಯ ಘಾಟು ಇರಲಿಲ್ಲ, ಯಾವುದೋ ಹೂವಿನ ನವಿರು ವಾಸನೆ. ಮುಟ್ಟಿದರೆ ನಮ್ಮ ಮನೆಯಲ್ಲಿ ಶನಿವಾರ ತಲೆಗೆ ಹಾಕುತ್ತಿದ್ದ ದಾಸವಾಳ ಸೊಪ್ಪಿನ ಗೊಂಪಿನ ಹಾಗೇ ಇತ್ತು. ಕೈ ತುಂಬಾ ಹೊತ್ತು ಜಾರುತ್ತಲೇ ಇತ್ತು. ಆಮೇಲೆ ತೆನೆಯನ್ನು ಅವಳು ಬಿಟ್ಟಳು. ಅದು ಮತ್ತೆ ನೆಟ್ಟಗೆ ನಿಂತಿತು.

ಎಷ್ಟೋ ವರ್ಷದ ಮೇಲೆ ಓದಿ ತಿಳಿಯಿತು. ಪೆಸಿಫಿಕ್ ಸಮುದ್ರದ ನಡುವಿನ ಹವಾಯಿ ದ್ವೀಪದಲ್ಲಿ ಇದೇ ತೆನೆಯನ್ನು ಹಿಂಡಿ ತಲೆ ತೊಳೆಯುತ್ತಾರೆ. ಅಲ್ಲಿ ಇದಕ್ಕೆ ಅವಪುಹಿ ಅಂತ ಹೆಸರು. ಹವಾಯಿಯಲ್ಲಿ ಈ ಗಿಡ ಹುಟ್ಟಿದ್ದಲ್ಲ. ಪಾಲಿನೇಶ್ಯದ ಜನ ದೋಣಿಗಳಲ್ಲಿ ಸಾವಿರಾರು ಮೈಲಿ ದಾಟಿ ಹೊಸ ದ್ವೀಪಕ್ಕೆ ಹೋಗುವಾಗ ಗೆಡ್ಡೆ ಗೆಣಸು ಬಾಳೆಯ ಜೊತೆ ಇದನ್ನೂ ತೆಗೆದುಕೊಂಡು ಹೋದರು. ಅಲ್ಲೂ ಅದು ಹಿಡಿದಿದ್ದು ಮರಗಳ ನೆರಳಿರುವ, ಒದ್ದೆ ಕಣಿವೆಯ ಕಾಡನ್ನೇ. ಅಷ್ಟು ದೂರ ಹೋಗಿಯೂ ತನ್ನ ಜಾಗ ಎಂಥದ್ದು ಅನ್ನೋದನ್ನ ಅದು ಮರೆತಿಲ್ಲ ಅಂತ ಓದಿದಾಗ ನನಗೆ ಅಮ್ಮಮ್ಮನ ಕೈ ನೆನಪಾಗಿತ್ತು.

ಒಂದೇ ಇಳಿಜಾರಿನ ನೆಂಟರು

ಶುಂಠಿಯ ಕುಟುಂಬ ದೊಡ್ಡದು. ಜಗತ್ತಿನಲ್ಲಿ 1500ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಏಷ್ಯಾದ ಬಿಸಿ ಕಾಡುಗಳವು. ಅರಿಶಿನ, ಏಲಕ್ಕಿ ಎಲ್ಲ ಇದೇ ಮನೆತನ. ಏಲಕ್ಕಿಯಂತೂ ನಮ್ಮ ಪಶ್ಚಿಮ ಘಟ್ಟದ ಕಾಡಿನದೇ ಮಗಳು. ನಮ್ಮ ಬೆಟ್ಟದ ಒಂದೇ ಇಳಿಜಾರಿನಲ್ಲಿ ಈ ನೆಂಟರೆಲ್ಲ ಸಿಗುತ್ತಾರೆ. ಆದರೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ.

ಬುಡದಲ್ಲಿ ಹಳ್ಳ. ಹಳ್ಳದ ಅಂಚಿನ ಕೆಸರಿನಲ್ಲಿ ಸುಗಂಧಿ, ಬಿಳಿ ಪಾತರಗಿತ್ತಿಯಂಥ ಹೂವಿನದು. ಅದಕ್ಕೆ ಕಾಲು ನೀರಲ್ಲೇ ಇರಬೇಕು. ಹಳ್ಳದ ಆಚೆ ಕಾನು, ಅಂದರೆ ದಟ್ಟ ಕಾಡು ಇದೆ, ಮಟಮಟ ಮಧ್ಯಾಹ್ನವೂ ಮಬ್ಬು. ಅಲ್ಲಿ ಏಲಕ್ಕಿ. ಬೆಟ್ಟದ ನೆತ್ತಿಗೆ ಹೋದರೆ ಮರ ತೆಳುವಾಗಿ ಹುಲ್ಲಿನ ಬ್ಯಾಣ ಬರುತ್ತದೆ. ಮೊದಲ ಮಳೆ ಬಿದ್ದ ಕೆಲವು ದಿನಕ್ಕೇ ಅಲ್ಲಿ ಕಾಡರಿಶಿನ ಗುಲಾಬಿ ಬಣ್ಣದ ತಲೆ ಎತ್ತುತ್ತದೆ. ಕಾಡು ಶುಂಠಿ ಇದೆಲ್ಲದರ ನಡುವೆ ಎಲ್ಲೋ ಇರುತ್ತದೆ. ಪೂರ್ತಿ ಕತ್ತಲೂ ಅಲ್ಲ, ಪೂರ್ತಿ ಬಿಸಿಲೂ ಅಲ್ಲ. ಮರ ಬಿದ್ದು ಆಕಾಶ ತೆರೆದುಕೊಂಡ ಕಡೆ, ದಾರಿಯ ಬದಿ, ಕಾನು ಮುಗಿದು ಬೆಟ್ಟ ಶುರುವಾಗುವ ಅಂಚು. ಅಲ್ಲಿಗೆ ಬಿಸಿಲು ಬೆಳಗ್ಗೆ ಸ್ವಲ್ಪ ಹೊತ್ತು ಬಂದು ಹೋಗುತ್ತದೆ. ಇದರದೇ ಕುಲದ ಇನ್ನೂ ಕೆಲವು ಶುಂಠಿಗಳು ಪಶ್ಚಿಮ ಘಟ್ಟದಲ್ಲಿವೆ. ಅವುಗಳಲ್ಲಿ ಕೆಲವು ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಅವುಗಳ ಹೂವು ನೆಲದ ಮಟ್ಟದಲ್ಲೇ ಅರಳುವುದರಿಂದ ಬಗ್ಗಿ ಎಲೆ ಸರಿಸದಿದ್ದರೆ ಕಾಣುವುದೇ ಇಲ್ಲ.

ಆದರೆ ಇವೆಲ್ಲ ಮೇಲಿನ ಮಾತು. ನನಗೆ ಮೊದಲ ಸುಳಿವು ಸಿಕ್ಕಿದ್ದು ಮಣ್ಣಿಗೆ ಕೈ ಹಾಕಿದ ದಿನ. 2019ರ ಆ ಮಳೆಯಲ್ಲೇ, ಪೈಪು ಸರಿ ಮಾಡಿ ಇಳಿಯುವಾಗ, ಬಿದ್ದ ಮತ್ತಿ ಮರದ ಹತ್ತಿರ ಕೂತು ಒಂದು ಗಿಡದ ಬುಡವನ್ನು ಬೆರಳಲ್ಲಿ ಕೆದಕಿದೆ. ಮೊದಲು ನಾಲ್ಕು ಬೆರಳು ಆಳ ದರಕು, ಅಂದರೆ ಮರದಿಂದ ಉದುರಿ ಬಿದ್ದ ಒಣ ಎಲೆ. ಮೇಲಿನದು ಹೋದ ಬೇಸಿಗೆಯ ಎಲೆ, ಇನ್ನೂ ಗಟ್ಟಿ. ಅದರ ಕೆಳಗಿನದು ನರ ಮಾತ್ರ ಉಳಿದ ಎಲೆ, ಜರಡಿಯ ಹಾಗೆ. ಅದರ ಕೆಳಗೆ ಎಲೆ ಯಾವುದು ಮಣ್ಣು ಯಾವುದು ಗೊತ್ತಾಗದ ಕಪ್ಪು ಪುಡಿ. ಗಡ್ಡೆ ಇದ್ದಿದ್ದು ಆ ಕಪ್ಪಿನಲ್ಲೇ. ಕೆಳಗಿನ ಕೆಂಪು ಮಣ್ಣಿಗೆ ಬೇರು ಮಾತ್ರ ಇಳಿದಿತ್ತು. ಗಡ್ಡೆ ಮಣ್ಣಿನೊಳಗೆ ಹೂತುಕೊಂಡಿರಲಿಲ್ಲ. ಎಲೆಯ ಹಾಸಿಗೆ ಮೇಲೆ ಮಲಗಿತ್ತು, ಮೇಲಿಂದ ಎಲೆಯದೇ ಕಂಬಳಿ. ನಾನು ಮಾಡಿದ ಗುಂಡಿಗೆ ಮಳೆ ನೀರು ಬೀಳುತ್ತಲೇ ಇತ್ತು. ಗುಂಡಿ ತುಂಬಲಿಲ್ಲ. ನೀರು ಬಂದ ಹಾಗೇ ಇಳಿಜಾರಿನ ಕಡೆ ಎಲೆಗಳ ಸಂದಿಯಲ್ಲಿ ಮಾಯವಾಗುತ್ತಿತ್ತು. ಎಲೆ ಮತ್ತೆ ಮುಚ್ಚಿ ಕೆಳಗೆ ಬಂದೆ. ಗದ್ದೆಯಲ್ಲಿ ಅದೇ ಅಳತೆಯ ಗುಂಡಿ ಮಾಡಿದೆ. ಕೈ ತೆಗೆಯುವ ಮೊದಲೇ ಅದು ತುಂಬಿತು. ಹೆಬ್ಬೆರಳು ಇಟ್ಟು ನೋಡಿದೆ, ಪೂರ್ತಿ ಮುಳುಗಿತು.

ನಮ್ಮ ಕಡೆ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಕಾಡು ಶುಂಠಿ ಈ ಮಳೆಗೇ ಹುಟ್ಟಿದ ಗಿಡ. ಮಳೆಗಾಲದ ಮುಂಚಿನ ಗುಡುಗು ಮಳೆಗೆ ಮೊಳಕೆ ಒಡೆಯುತ್ತದೆ, ಮಳೆಯಲ್ಲೇ ಹೂ ಬಿಡುತ್ತದೆ, ಮಳೆ ಹೋದ ಮೇಲೆ ಹಳದಿಯಾಗಿ ಬಿದ್ದುಹೋಗುತ್ತದೆ. ಡಿಸೆಂಬರ್ ಕಳೆದರೆ ನೆಲದ ಮೇಲೆ ಅದರ ಗುರುತೇ ಇಲ್ಲ. ಐದು ತಿಂಗಳು ದರಕಿನ ಕೆಳಗೆ ನಿದ್ದೆ. ಬೇಸಿಗೆಯಲ್ಲಿ ಬಿಸಿಲು ಮೇಲಿನ ಎಲೆಯನ್ನು ಒಣಗಿಸುತ್ತದೆ, ಕೆಳಗೆ ತಂಪು ಉಳಿದಿರುತ್ತದೆ. ಹಾಗಾಗಿ ನೀರು ಬೇಕು, ಆದರೆ ನೀರು ನಿಲ್ಲಬಾರದು. ಒಣಗಬೇಕು, ಆದರೆ ಪೂರ್ತಿ ಒಣಗಬಾರದು. ಈ ಎರಡನ್ನೂ ಒಟ್ಟಿಗೆ ಕೊಡುವುದು ಇಳಿಜಾರು ಮತ್ತು ದರಕು.

ಗದ್ದೆಯ ಶುಂಠಿಗೆ ತವರಿಲ್ಲ

ಕೊಳೆ ರೋಗ ತರುವ ಜೀವಿಯ ಹೆಸರು ಪಿಥಿಯಂ. ನೋಡಲು ಶಿಲೀಂಧ್ರದ ಹಾಗೆ, ಆದರೆ ಅದರ ಬೀಜಕಣಗಳಿಗೆ ಬಾಲ ಇದೆ. ನೀರಿನಲ್ಲಿ ಈಜಿಕೊಂಡು ಬೇರು ಹುಡುಕುತ್ತವೆ. ನೀರು ನಿಂತ ಗದ್ದೆ ಅಂದರೆ ಅವಕ್ಕೆ ಹೆದ್ದಾರಿ. ರೋಗ ಬಂದ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತವೆ. ಬೀಜದ ಶುಂಠಿಯ ಜೊತೆಗೇ ಬಂದುಬಿಡುವುದೂ ಇದೆ. ಕೇರಳದ ಸಂಶೋಧಕರು ಕಾಡು ಶುಂಠಿಗೆ ಈ ಪಿಥಿಯಂ ಅನ್ನು ಬೇಕಂತಲೇ ತಗುಲಿಸಿ ನೋಡಿದ್ದಾರೆ. ಅದು ತಡೆದುಕೊಂಡಿದೆ. ಅಂದರೆ ಊರಿನವರು ಗಟ್ಟಿ ಅಂತ ಹೇಳುವ ಮಾತು ಸುಳ್ಳಲ್ಲ. ಗಿಡದ ಒಳಗೇ ಒಂದು ಶಕ್ತಿ ಇದೆ.

ಹಾಗಾದರೆ ಆ ಶಕ್ತಿಯನ್ನು ಊರ ಶುಂಠಿಗೆ ತರಬಾರದಾ? ಇಲ್ಲಿ ನನಗೆ ತುಂಬಾ ಕಾಡಿದ ಒಂದು ವಿಷಯ ಬರುತ್ತದೆ. ನಾವು ತಿನ್ನುವ ಶುಂಠಿ ಕಾಡಿನಲ್ಲಿ ಎಲ್ಲೂ ಇಲ್ಲ. ಯಾವ ದೇಶದ ಯಾವ ಕಾಡಿನಲ್ಲೂ ತಾನಾಗಿ ಬೆಳೆದಿದ್ದು ಸಿಕ್ಕಿಲ್ಲ. ಸಾವಿರಾರು ವರ್ಷದಿಂದ ಮನುಷ್ಯರ ಕೈಯಿಂದ ಕೈಗೆ ಗಡ್ಡೆಯಾಗಿ ಬಂದಿದೆ. ಬೀಜ ಕಟ್ಟುವುದನ್ನೇ ಬಿಟ್ಟಿದೆ. ಬೀಜ ಕಟ್ಟದ ಗಿಡವನ್ನು ಇನ್ನೊಂದರ ಜೊತೆ ಬೆರೆಸಿ ಹೊಸ ತಳಿ ಮಾಡುವುದು ಹೇಗೆ? ಅಪ್ಪಯ್ಯ ತಂದ ರಿಗೋಡಿ ತಳಿಯ ಬೀಜ ಅಂದರೂ ಅದು ಬೀಜ ಅಲ್ಲ, ಯಾರದೋ ಗದ್ದೆಯ ಗಡ್ಡೆಯ ತುಂಡು. ಅದು ಇನ್ನೊಂದು ತುಂಡಿನ ತುಂಡು. ಹಿಂದೆ ಹಿಂದೆ ಹೋದರೆ ಕೊನೆಗೆ ಯಾವುದೋ ಬೆಟ್ಟದ ಇಳಿಜಾರು ಇರಲೇಬೇಕು ಅಲ್ವಾ? ಅಲ್ಲೂ ದರಕು ಇತ್ತೇನೋ, ಅಲ್ಲೂ ಒಂದು ಮರ ಬಿದ್ದಿತ್ತೇನೋ. ಆ ಜಾಗ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ನಾವು 60 ಕಿಲೋ ಚೀಲಕ್ಕೆ ಎಷ್ಟು ರೇಟು ಅಂತ ಕೇಳುವ ಬೆಳೆಗೆ ತವರು ಮನೆಯ ವಿಳಾಸ ಇಲ್ಲ. ಅದನ್ನು ತಂದು ಭತ್ತದ ಗದ್ದೆಯ ನೀರಿನಲ್ಲಿ ನಿಲ್ಲಿಸಿದ್ದೇವೆ. ಅಪ್ಪಯ್ಯನನ್ನು ದೂರುತ್ತಿಲ್ಲ. ಭತ್ತ ಬೆಳೆದರೆ ಖರ್ಚೂ ಹುಟ್ಟದ ಕಾಲದಲ್ಲಿ ಅವರು ಮಾಡಿದ್ದು ಎಲ್ಲರೂ ಮಾಡಿದ್ದನ್ನೇ.

ಎರಡು ಜಾಗದಲ್ಲಿ ನೆಟ್ಟಿದ್ದು

ಮರು ವರ್ಷ ಒಂದು ಪ್ರಯೋಗ ಮಾಡಿದೆ. ಮೇ ತಿಂಗಳಲ್ಲಿ ಬೆಟ್ಟದಿಂದ ಕಾಡು ಶುಂಠಿಯ ಎರಡು ತುಂಡು ತಂದೆ. ಕತ್ತಿಯಲ್ಲಿ ಕೊಯ್ದಾಗ ಒಳಗೆ ತೆಳು ಹಳದಿ. ನಾಲಿಗೆಗೆ ಮುಟ್ಟಿಸಿದೆ, ಕಹಿ. ಒಂದನ್ನು ಕೊಳೆ ಬಂದಿದ್ದ ಅದೇ ಗದ್ದೆಯ ಮೂಲೆಯಲ್ಲಿ ನೆಟ್ಟೆ. ಇನ್ನೊಂದನ್ನು ಮನೆಯ ಹಿಂದೆ, ಹಲಸಿನ ಮರದ ಬುಡದಿಂದ ಸ್ವಲ್ಪ ಆಚೆ, ಹಿತ್ತಲು ಇಳಿಜಾರಾಗುವ ಕಡೆ. ಅದಕ್ಕೆ ಎರಡು ಬುಟ್ಟಿ ದರಕು ಮುಚ್ಚಿದೆ. ಆಯಿ, ಅಂದರೆ ನನ್ನ ಅಮ್ಮ, ನೋಡಿ, "ಇದ್ರ ಎಂತಕ್ಕೆ ನೆಟ್ಟೆ, ಪದಾರ್ಥಕ್ಕಂತೂ ಆಗ್ತಿಲ್ಲೆ" ಅಂದಳು. ಆದರೂ ನಾನು ಬೆಂಗಳೂರಿಗೆ ಹೋದ ಮೇಲೆ ಅವಳೇ ನೋಡಿಕೊಂಡಳು.

ಗದ್ದೆಯಲ್ಲಿ ನೆಟ್ಟಿದ್ದು ಕೊಳೆಯಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಸುತ್ತ ನೀರು ನಿಂತರೂ ಅದರ ಬುಡ ಕಳಚಿ ಬರಲಿಲ್ಲ. ಆದರೆ ಅದು ಬೆಳೆಯಲೂ ಇಲ್ಲ. ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತು. ಎಲೆ ಬಿಸಿಲಿಗೆ ಸುಟ್ಟು ಅಂಚು ಕಂದಾಯಿತು. ಆ ವರ್ಷ ತೆನೆ ಬರಲಿಲ್ಲ, ಅದರ ಮರು ವರ್ಷವೂ ಬರಲಿಲ್ಲ. ಮೂರನೇ ವರ್ಷ ಮೊಳಕೆಯೇ ಬರಲಿಲ್ಲ. ಅಗೆದು ನೋಡಿದರೆ ಗಡ್ಡೆ ಒಣಗಿ ಹಗುರವಾಗಿತ್ತು. ಬೇಸಿಗೆಯಲ್ಲಿ ಗದ್ದೆ ಬಿರುಕು ಬಿಡುತ್ತದೆ, ಮುಚ್ಚಲು ಒಂದು ಎಲೆಯೂ ಇಲ್ಲ. ಮಳೆಗಾಲದ ನೀರನ್ನು ತಡೆದುಕೊಂಡ ಗಡ್ಡೆಗೆ ಬೇಸಿಗೆಯ ಬಯಲು ತಡೆಯಲು ಆಗಲಿಲ್ಲ. ಹಲಸಿನ ಹತ್ತಿರದ್ದು ಎರಡನೇ ವರ್ಷವೇ ಐದು ದಂಟಾಯಿತು. ಒಂದು ತೆನೆಯೂ ಬಂತು.

ಗಟ್ಟಿ ಅನ್ನುವ ಮಾತು ನನಗೆ ಅರ್ಧ ಅನ್ನಿಸಿದ್ದು ಅದಕ್ಕೇ. ರೋಗ ತಡೆಯುವ ಶಕ್ತಿಯನ್ನು ಗಿಡ ತನ್ನ ಜೊತೆ ಗದ್ದೆಗೂ ತಂದಿತ್ತು. ಬೆಟ್ಟವನ್ನು ತರಲು ಆಗಲಿಲ್ಲ. ನನ್ನ ಹತ್ತಿರ ಇದ್ದದ್ದು ಎರಡು ತುಂಡು, ಎರಡು ಜಾಗ, ಮೂರು ವರ್ಷ, ಅಷ್ಟೇ. ಅದರಿಂದ ದೊಡ್ಡ ಸತ್ಯ ಸಾಬೀತಾಗಲ್ಲ. ಆದರೂ ಆ ಹಗುರ ಗಡ್ಡೆ ಕೈಯಲ್ಲಿ ಹಿಡಿದು ಕೂತ ಹೊತ್ತನ್ನು ನಾನು ಮರೆಯಲಾರೆ.

ಗುಡಿಸಿದ ಬೆಟ್ಟ, ಗುಡಿಸದ ಬೆಟ್ಟ

ಇನ್ನೊಂದು ಮಾತು ಇದೆ. ಹೇಳಲು ಕಷ್ಟ, ಯಾಕೆಂದರೆ ಅದು ನಮ್ಮ ಮನೆಯದೇ ಕೆಲಸ. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದ ಸೊಪ್ಪು ಅಲ್ಲಿಂದ, ಬೇಸಿಗೆಯ ದರಕು ಅಲ್ಲಿಂದ. ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ತೋಟಕ್ಕೆ ಹಾಕಿ ನಾವು ಬದುಕಿದ್ದೇವೆ. ನಾನು ಓದಿದ್ದೂ ಆ ತೋಟದ ದುಡ್ಡಿನಲ್ಲೇ. ಶಿವರಾತ್ರಿ ಸುತ್ತಮುತ್ತ ಬೆಟ್ಟ ಗುಡಿಸುವಾಗ ಕೆಂಪು ನೆಲ ಕಾಣುವ ತನಕ ಗುಡಿಸುತ್ತಾರೆ. ಒಂದು ಎಲೆ ಬಿಟ್ಟರೂ ಕೆಲಸ ಚೊಕ್ಕ ಆಗಿಲ್ಲ ಅಂತ.

ಪ್ರತಿ ಮಳೆಗಾಲ ನೋಡುತ್ತಾ ಬಂದಾಗ ಕಂಡಿದ್ದು ಇಷ್ಟು. ಚೆನ್ನಾಗಿ ಗುಡಿಸುವ ಕಡೆ ಕಾಡು ಶುಂಠಿ ಒಂಟಿ ಒಂಟಿ, ಗಿಡ್ಡ. ಬಿದ್ದ ಮರದ ಬದಿ, ಕಲ್ಲಿನ ಸಂದು, ಮುಳ್ಳುಹಿಂಡಿಲಿನ ಒಳಗೆ, ಅಂದರೆ ಪೊರಕೆ ಹೋಗದ ಕಡೆಯೆಲ್ಲ ಹಿಂಡು. ಅವತ್ತು ಮತ್ತಿ ಮರದ ಹತ್ತಿರ ಅಷ್ಟು ದಟ್ಟ ಇದ್ದಿದ್ದು ಮರ ಬಿದ್ದು ಬೆಳಕು ಬಂದಿದ್ದಕ್ಕೆ ಮಾತ್ರ ಅಲ್ಲ, ಆ ಮರದ ಕೊಂಬೆಗಳ ನಡುವೆ ಯಾರೂ ಗುಡಿಸಲು ಆಗದೆ ಇದ್ದಿದ್ದಕ್ಕೂ. ನಮ್ಮ ಗಡಿ ದಾಟಿದರೆ ಅಕೇಶಿಯಾ ನೆಡುತೋಪು. ಅಲ್ಲಿ ದರಕು ಬೇಕಾದಷ್ಟಿದೆ. ಆದರೆ ಆ ಎಲೆ ಬೇಗ ಕರಗಲ್ಲ, ಒಣ ಸಿಪ್ಪೆಯ ಹಾಗೆ ಪದರ ಪದರವಾಗಿ ಕೂತಿರುತ್ತದೆ. ಕೆದಕಿದರೆ ಆ ಕಪ್ಪು ಪುಡಿ ಸಿಗುವುದಿಲ್ಲ, ನೇರ ಕೆಂಪು ಮಣ್ಣು. ಅಲ್ಲಿ ನಾನು ಒಂದೇ ಒಂದು ಕಾಡು ಶುಂಠಿ ನೋಡಿಲ್ಲ. ಹೊನ್ನೆ, ಮತ್ತಿ, ನಂದಿ, ನೇರಳೆ ಎಲ್ಲ ಬೆರೆತ ಎಲೆ ಬೇಕು. ಬೇಗ ಕರಗುವ ಎಲೆ, ನಿಧಾನ ಕರಗುವ ಎಲೆ ಎರಡೂ ಬಿದ್ದು ಬೆರೆಯಬೇಕು.

ಇದನ್ನು ಅಪ್ಪಯ್ಯನಿಗೆ ಹೇಗೆ ಹೇಳಲಿ ಅಂತ ತುಂಬಾ ದಿನ ಯೋಚನೆ ಮಾಡಿದ್ದೆ. ತಿನ್ನಲು ಬಾರದ, ಮಾರಲು ಬಾರದ ಗಿಡಕ್ಕೋಸ್ಕರ ಗೊಬ್ಬರ ಬಿಡಿ ಅನ್ನಲು ಬಾಯಿ ಬರಲಿಲ್ಲ. ಕಳೆದ ಆಗಸ್ಟಿನಲ್ಲಿ ಹೋದಾಗ ಅವರನ್ನು ಸುಮ್ನೆ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಮತ್ತಿ ಮರ ಈಗ ಅರ್ಧ ಮಣ್ಣಾಗಿದೆ. ಅದರ ಬದಿ ಕೂತು ಎಲೆ ಸರಿಸಿ ತೋರಿಸಿದೆ. ಅವರು ತಮ್ಮ ಕೈಯನ್ನೇ ಒಳಗೆ ಹಾಕಿದರು. ಗಡ್ಡೆ ಮುಟ್ಟಿದರು, ಬುಡ ಹಿಡಿದು ಮೆಲ್ಲಗೆ ಎಳೆದರು. ಗದ್ದೆಯಲ್ಲಿ ಅವತ್ತು ಎಳೆದ ಹಾಗೇ. ಬರಲಿಲ್ಲ. ಇನ್ನೊಮ್ಮೆ ಎಳೆದರು. ಆಮೇಲೆ ಕಪ್ಪು ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದರು. ಬಹಳ ಹೊತ್ತು ಮಾತಾಡಲಿಲ್ಲ.

ಈ ಶಿವರಾತ್ರಿಗೆ ನಾನು ಊರಲ್ಲಿ ಇರಲಿಲ್ಲ. ಆಯಿ ಫೋನು ಮಾಡಿದಾಗ ದರಕು ತಂದು ಮುಗಿಯಿತಾ ಅಂತ ಕೇಳಿದೆ. ಮುಗಿತು, ಆದ್ರೆ ಪೈಪಿನ ದಾರಿಯಿಂದ ಮೇಲೆ ಈ ಸಲ ಗುಡಿಸಿದ್ವಿಲ್ಲೆ ಅಂದಳು. ನಿನ್ನ ಅಪ್ಪಯ್ಯ ಅಲ್ಲಿ ಒಂದು ಕೋಲು ಹುಗಿದು ಇಟ್ಟಿದ್ದ, ಕೆಲಸದವ್ಕೆ ಗುರ್ತಾಗ್ಲಿ ಹೇಳಿ.